ಕಾಸರಗೋಡಿನ ಸುತ್ತ ಹಳೆಯ ಸರ್ವೆ ಗುರುತುಗಳನ್ನು ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುತ್ತದೆ. ಯಾವ ಸಮುದ್ರ, ಯಾವ ದಿನದ ಮಟ್ಟ ಎಂದು ಕೇಳುವವರು ಕಡಿಮೆ. ಕೇಳಿದರೆ ಉತ್ತರ ಸ್ವಾರಸ್ಯವಾಗಿದೆ. ಒಂಬತ್ತು ಬಂದರುಗಳಲ್ಲಿ ವರ್ಷಗಟ್ಟಲೆ ಉಬ್ಬರವಿಳಿತ ಅಳೆದು, ಅದರ ಆಧಾರದ ಮೇಲೆ 1909ರಲ್ಲಿ ಇಡೀ ದೇಶಕ್ಕೆ ಒಂದು ಸರಾಸರಿ ಸಮುದ್ರಮಟ್ಟವನ್ನು ಗೊತ್ತುಪಡಿಸಿದರು. ಕರಾಚಿ, ಮುಂಬಯಿ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣಂ, ಮದ್ರಾಸ್, ವಿಶಾಖಪಟ್ಟಣ ಮತ್ತು ಒಡಿಶಾ ಕರಾವಳಿಯ ಫಾಲ್ಸ್ ಪಾಯಿಂಟ್ ಆ ಒಂಬತ್ತು ಬಂದರುಗಳು. ನಮ್ಮ ಕಾಸರಗೋಡು ಕಾರವಾರಕ್ಕೂ ಬೇಪೂರಿಗೂ ನಡುವಣ ಕರಾವಳಿಯಲ್ಲಿದೆ.

ಹಾಗೆ ಗೊತ್ತಾದ ಮಟ್ಟವನ್ನು ಒಳನಾಡಿಗೆ ಒಯ್ದದ್ದು ಕಾಲ್ನಡಿಗೆಯಲ್ಲಿ. ನಡುವೆ ಅಡ್ಡನೇರ ನೋಡುವ ಲೆವೆಲ್ ಯಂತ್ರ, ಹಿಂದೊಂದು ಮುಂದೊಂದು ಸ್ಟಾಫ್, ಅಂದರೆ ಅಳತೆಯ ಗೆರೆಗಳಿರುವ ಉದ್ದ ಕೋಲು. ಎರಡರ ಓದಿನ ವ್ಯತ್ಯಾಸ ಬರೆದುಕೊಂಡು ಯಂತ್ರವನ್ನು ಎತ್ತಿ ಮುಂದಿಡುವುದು. ಯಂತ್ರ ಎರಡೂ ಸ್ಟಾಫುಗಳಿಗೆ ಸಮದೂರದಲ್ಲಿದ್ದರೆ ಅದರ ದೋಷವೂ ಭೂಮಿಯ ಬಾಗು ತರುವ ದೋಷವೂ ಒಂದನ್ನೊಂದು ಕಳೆದುಕೊಳ್ಳುತ್ತವೆ. ದಾರಿಯುದ್ದಕ್ಕೂ ಅಲ್ಲಲ್ಲಿ ಅಲುಗದ ಕಲ್ಲೊಂದನ್ನು ಆರಿಸಿ, ಅದರ ಮೇಲೆ ಗುರುತು ಕೊರೆದು, ಎತ್ತರವನ್ನು ಪುಸ್ತಕಕ್ಕೆ ಏರಿಸುತ್ತಿದ್ದರು. ಅದೇ ಬೆಂಚ್ ಮಾರ್ಕ್. ಅಂಥ ಕಲ್ಲಿಗೆ ಬೆಲೆ ಇರುವುದು ಕೊರೆದ ಜಾಗದಲ್ಲೇ ಅದು ಕುಳಿತಿರುವಷ್ಟು ಕಾಲ ಮಾತ್ರ. ಎತ್ತಿ ಎರಡಡಿ ಪಕ್ಕಕ್ಕಿಟ್ಟರೂ ಅದು ಬರಿಯ ಕಲ್ಲು. ಆದ್ದರಿಂದ ಈ ಹವ್ಯಾಸದ ಕೆಲಸ ಮೂರೇ: ಹುಡುಕುವುದು, ದಾಖಲಿಸುವುದು, ಇದ್ದಲ್ಲಿಯೇ ಬಿಡುವುದು.

ಮೊದಲು ತಿಳಿದಿರಬೇಕಾದದ್ದು

ಗುರುತುಗಳಲ್ಲಿ ಎರಡು ಮುಖ್ಯ ಕುಲಗಳಿವೆ. ಒಂದು, ಎತ್ತರ ಹೇಳುವ ಬೆಂಚ್ ಮಾರ್ಕ್. ಇದು ರಸ್ತೆ ಬದಿಯಲ್ಲಿ, ಸಂಕದ ಕಟ್ಟೆಯ ಮೇಲೆ, ಮೋರಿಯ ತುದಿಯಲ್ಲಿ, ಹಳೆಯ ಕಟ್ಟಡದ ಜಗಲಿಯಲ್ಲಿ, ದೇವಸ್ಥಾನದ ಮೆಟ್ಟಿಲ ಮೇಲೆ ಸಿಗುವಂಥದ್ದು. ಸಾಮಾನ್ಯವಾಗಿ ಜಿ.ಟಿ.ಎಸ್. ಮತ್ತು ಬಿ.ಎಂ. ಎಂಬ ಇಂಗ್ಲಿಷ್ ಅಕ್ಷರಗಳು, ನಡುವೆ ಚೌಕವೋ ವೃತ್ತವೋ, ಕೆಲವೊಮ್ಮೆ ಇಸವಿ ಇರುತ್ತದೆ. ಜಿ.ಟಿ.ಎಸ್. ಎಂದರೆ ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೇ, ಬ್ರಿಟಿಷರ ಕಾಲದ ದೇಶವ್ಯಾಪಿ ಭೂಮಾಪನ; ಬಿ.ಎಂ. ಎಂದರೆ ಬೆಂಚ್ ಮಾರ್ಕ್. ಈ ಕುಲದಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ನಾಗಪುರದ ಶೂನ್ಯ ಮೈಲಿ ಕಲ್ಲಿನ ಬಳಿ ಇದೆ. 1907ರ ಆ ಗುರುತಿನಲ್ಲಿ ಎತ್ತರ 1020.171 ಅಡಿ ಎಂದು ಕೆತ್ತಿದ್ದಾರೆ. ದಶಮಾಂಶದ ಮೂರನೆಯ ಸ್ಥಾನ ನೋಡಿ: ಅಡಿಯ ಸಾವಿರದ ಒಂದು ಪಾಲು ಎಂದರೆ ಮಿಲಿಮೀಟರಿನ ಮೂರನೆಯ ಒಂದಂಶಕ್ಕೂ ಕಡಿಮೆ. ಆ ನಿಷ್ಠೆಗೆ ಕೈ ಮುಗಿಯಬೇಕು.

ಇನ್ನೊಂದು, ಬೆಟ್ಟದ ತಲೆಯ ತ್ರಿಕೋನಮಾಪನ ಠಾಣೆ. ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆಯನ್ನು, ಅಂದರೆ ಮೊದಲ ತ್ರಿಕೋನದ ಬದಿಯನ್ನು, ಅಳೆಯಲು ಆರಂಭಿಸಿ, ಮೈಸೂರು ಸೀಮೆಯನ್ನು ದಾಟಿ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹೆಣೆಯುತ್ತ ಮಂಗಳೂರಿನ ಕಡಲಿಗೆ ಬಂದ. ಕೋನ ಅಳೆಯುವ, ಅರ್ಧ ಟನ್ ತೂಕದ ಥಿಯೋಡೊಲೈಟ್ ಅವನ ಸಾಧನ. ಈ ಅಳತೆಯಿಂದ ಸುಮಾರು 400 ಮೈಲಿ ಎಂದು ನಂಬಿದ್ದ ಮದ್ರಾಸ್–ಮಂಗಳೂರು ಅಗಲ 360 ಮೈಲಿಗೆ ಇಳಿಯಿತು. 40 ಮೈಲಿ ನೆಲ ನಕ್ಷೆಯಿಂದ ಮಾಯವಾಯಿತು. ಇಂಥ ಠಾಣೆಗಳಲ್ಲಿ ಬಂಡೆಯಲ್ಲಿ ಕೊರೆದ ವೃತ್ತ, ಅದರ ನಟ್ಟನಡುವೆ ಒಂದು ಚುಕ್ಕಿ ಇರುತ್ತದೆ. ಎಷ್ಟೋ ಕಡೆ ಮೇಲೊಂದು ಗುರುತು, ಅದರ ನೇರ ಕೆಳಗೆ ನೆಲದೊಳಗೆ ಇನ್ನೊಂದು. ಸುತ್ತ ಕಟ್ಟೆ, ಇಲ್ಲವೇ ಕಲ್ಲುರಾಶಿ.

ಇವೆರಡರ ಜೊತೆ ಬೆರೆಸಿಕೊಳ್ಳಬಾರದ ಕಲ್ಲುಗಳು ಬಹಳ: ಕಂದಾಯ ಸರ್ವೆಯ ಗಡಿಕಲ್ಲು, ಅರಣ್ಯದ ಗಡಿ ತೋರಿಸುವ ಜಂಡಾ, ರೈಲ್ವೆಯ ಮತ್ತು ಹೆದ್ದಾರಿಯ ಗಡಿಕಲ್ಲು, ಕಾಮಗಾರಿಯವರು ಮೋರಿಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ತಾತ್ಕಾಲಿಕ ಬಿ.ಎಂ. ಇವುಗಳಿಗೂ ಅವುಗಳದೇ ಚರಿತ್ರೆ ಇದೆ, ಆದರೆ ಬೇರೆ ಪಟ್ಟಿಯಲ್ಲಿ ಬರೆದಿಡಿ.

ಮನೆಯಲ್ಲಿ ಕುಳಿತು ಮಾಡುವ ಕೆಲಸ

ಹವ್ಯಾಸದ ಅರ್ಧಕ್ಕಿಂತ ಹೆಚ್ಚು ಇಲ್ಲೇ ಇದೆ. ಬೆಟ್ಟ ಹತ್ತುವ ಆತುರಕ್ಕೆ ಇದನ್ನು ಬಿಟ್ಟರೆ ಬರಿಗೈಯಲ್ಲಿ ಮರಳುವುದೇ ಹೆಚ್ಚು.

ನೆಲದ ಏರಿಳಿತ ತೋರಿಸುವ ಹಳೆಯ ಸರ್ವೆ ನಕ್ಷೆಗಳ, ಅಂದರೆ ಟೊಪೊ ಶೀಟುಗಳ, ಸಂಖ್ಯಾಕ್ರಮದಲ್ಲಿ ನಮ್ಮ ಜಿಲ್ಲೆ 48ನೆಯ ಹಾಳೆಗೆ ಸೇರಿದೆ. ಕಾಸರಗೋಡು ಪೇಟೆಯ ಮಗ್ಗುಲಲ್ಲೇ 75 ಡಿಗ್ರಿ ಪೂರ್ವ ರೇಖಾಂಶವೂ 12 ಡಿಗ್ರಿ 30 ಮಿನಿಟಿನ ಉತ್ತರ ಅಕ್ಷಾಂಶವೂ ಹಾದುಹೋಗುವುದರಿಂದ ಪೇಟೆ ನಾಲ್ಕು ಶೀಟುಗಳ ಮೂಲೆಗೆ ಬಿದ್ದಿದೆ. ಮಂಜೇಶ್ವರ, ಕುಂಬಳೆಗೆ 48ಎಲ್/14. ಅದಕ್ಕೆ ಪೂರ್ವದ ಒಳನಾಡಿಗೆ 48ಪಿ/2. ಬೇಕಲ, ಕಾಞಂಗಾಡಿಗೆ 48ಪಿ/3. ನಾಲ್ಕನೆಯದಾದ 48ಎಲ್/15ರಲ್ಲಿ ಬಹುಪಾಲು ಕಡಲೇ. ರಾಣಿಪುರದ ಬೆಟ್ಟದ ಕಡೆ ಹೋಗುವವರು 48ಪಿ/7 ನೋಡಬೇಕು. ಒಂದೇ ಶೀಟು ಹಿಡಿದು ಹೊರಟರೆ ಅರ್ಧ ಊರು ಕೈಬಿಟ್ಟುಹೋಗುತ್ತದೆ.

ಹೊಸ ನಕ್ಷೆಗಳನ್ನು 1:50,000 ಪ್ರಮಾಣದಲ್ಲಿ ಸರ್ವೇ ಆಫ್ ಇಂಡಿಯಾದ ಆನ್‌ಲೈನ್ ತಾಣದಿಂದ ನೋಂದಾಯಿಸಿಕೊಂಡು ಉಚಿತವಾಗಿ ಇಳಿಸಿಕೊಳ್ಳಬಹುದು. ಅವುಗಳ ಸಂಖ್ಯೆ ನಮ್ಮ ಭಾಗದಲ್ಲಿ ಡಿ43ರಿಂದ ಆರಂಭವಾಗುತ್ತದೆ. ಇಂದಿನ ರಸ್ತೆ, ತೋಡು, ಗುಡ್ಡದ ರೇಖೆಗಳಿಗೆ ಇದು ಬೇಕು. ಗುರುತುಗಳಿಗೆ ಹಳೆಯ ನಕ್ಷೆಯೇ ಬೇಕು. ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಜಾಲದಲ್ಲಿಟ್ಟಿರುವ 1:250,000 ಪ್ರಮಾಣದ ಸೈನ್ಯದ ನಕ್ಷೆಗಳು ಮೊದಲ ಸುತ್ತಿಗೆ ಸಾಕು. ಚಿಹ್ನೆಗಳನ್ನು ಕಲಿಯಿರಿ: ಪುಟ್ಟ ತ್ರಿಕೋನ, ಪಕ್ಕದಲ್ಲಿ ಅಂಕಿ ಇದ್ದರೆ ತ್ರಿಕೋನಮಾಪನ ಠಾಣೆ; ಬಿ.ಎಂ. ಎಂಬ ಅಕ್ಷರ ಮತ್ತು ಅಂಕಿ ಇದ್ದರೆ ಬೆಂಚ್ ಮಾರ್ಕ್. ಬರಿಯ ಚುಕ್ಕಿ ಮತ್ತು ಅಂಕಿ ಇದ್ದರೆ ಅಲ್ಲಿ ಕಲ್ಲು ಇರಬೇಕೆಂದೇನೂ ಇಲ್ಲ. ಹಳೆಯ ಹಾಳೆಯ ಎತ್ತರ ಅಡಿಗಳಲ್ಲಿರುತ್ತದೆ, 0.3048ರಿಂದ ಗುಣಿಸಿದರೆ ಮೀಟರ್.

ಈಗ ಎಲ್ಲರೂ ಎಡವುವ ಜಾಗ. ಹಳೆಯ ನಕ್ಷೆಗಳ ಅಕ್ಷಾಂಶ ರೇಖಾಂಶಗಳು ಎವರೆಸ್ಟ್ ಗೋಳಾಭವನ್ನು, ಅಂದರೆ ಭೂಮಿಯ ಆಕಾರಕ್ಕೆ ಅಂದು ಹಿಡಿದ ಗಣಿತದ ಮಾದರಿಯನ್ನು, ಆಧರಿಸಿದವು. ಮೊಬೈಲಿನ ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ ಮಾದರಿಯನ್ನು. ನಮ್ಮ ಭಾಗದಲ್ಲಿ ಇವೆರಡರ ನಡುವೆ ನೂರು ಮೀಟರಿಗೂ ಹೆಚ್ಚು ಅಂತರ ಬರುತ್ತದೆ. ಹಳೆಯ ಹಾಳೆಯಿಂದ ಓದಿದ ಅಂಕಿಯನ್ನು ನೇರವಾಗಿ ಮೊಬೈಲಿಗೆ ಕೊಟ್ಟರೆ ಅದು ನಿಮ್ಮನ್ನು ಪಕ್ಕದ ಅಡಿಕೆ ತೋಟದಲ್ಲಿ ನಿಲ್ಲಿಸಬಹುದು. ಇದಕ್ಕೆ ಗಣಿತಕ್ಕಿಂತ ಸುಲಭವಾದ ಉಪಾಯವಿದೆ. ಎರಡೂ ನಕ್ಷೆಗಳಲ್ಲಿ ಕಾಣುವ, ಸ್ಥಳ ಬದಲಾಗದ ಒಂದು ವಸ್ತುವನ್ನು ಆರಿಸಿ: ಹಳೆಯ ದೇವಸ್ಥಾನ, ರೈಲು ಸೇತುವೆ, ಕೋಟೆಯ ಬುರುಜು. ಅಲ್ಲಿಂದ ಗುರುತು ಎಷ್ಟು ಮಿಲಿಮೀಟರ್ ಉತ್ತರಕ್ಕೆ, ಎಷ್ಟು ಪೂರ್ವಕ್ಕೆ ಎಂದು ಹಳೆಯ ಹಾಳೆಯಲ್ಲಿ ಅಳೆಯಿರಿ. 1:50,000ರಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್, ಮೈಲಿಗೆ ಒಂದಂಗುಲದ ಹಳೆಯ ಹಾಳೆಯಲ್ಲಿ ಸುಮಾರು 63 ಮೀಟರ್. ಅದೇ ಅಂತರವನ್ನು ಹೊಸ ನಕ್ಷೆಯಲ್ಲಿ ಅದೇ ವಸ್ತುವಿನಿಂದ ಹೊರಡಿಸಿ. ನಕ್ಷೆಗಳ ನಡುವಿನ ಆ ಅಂತರ ಎರಡು ಬಿಂದುಗಳಿಗೂ ಒಂದೇ ಆದ್ದರಿಂದ ತಾನಾಗಿ ಕಳೆದುಹೋಗುತ್ತದೆ. ಹಾಗೆ ಸಿಕ್ಕ ಬಿಂದುವಿನ ಸುತ್ತ 50 ಮೀಟರ್ ವೃತ್ತ ಎಳೆದುಕೊಳ್ಳಿ, ಹುಡುಕಾಟ ಅದರೊಳಗೆ.

ಇನ್ನೊಂದು ಅನುಕೂಲ ಇಲ್ಲಿನವರಿಗೆ ಮಾತ್ರ: ಹೊಸ ನಕ್ಷೆಗಳ ಚೌಕಗಳಿಗೆ ಆಧಾರವಾದ ಯುಟಿಎಂ ಪದ್ಧತಿಯ 43ನೆಯ ವಲಯದ ನಡುರೇಖೆ ಈ 75 ಡಿಗ್ರಿಯೇ. ಹಾಗಾಗಿ ಕಾಸರಗೋಡಿನಲ್ಲಿ ನಕ್ಷೆಯ ಚೌಕಗಳ ಉತ್ತರವೂ ನಿಜವಾದ ಉತ್ತರವೂ ಹೊಂದಿಕೊಳ್ಳುತ್ತವೆ.

ಹಳೆಯ ವಿವರಣೆ ಸಿಕ್ಕರೆ ಭಾಗ್ಯ

ತ್ರಿಕೋನಮಾಪನದ ಫಲಿತಾಂಶಗಳನ್ನು ಸರಣಿವಾರು, ಅಂದರೆ ತ್ರಿಕೋನಗಳ ಸಾಲುವಾರು, ಸಂಪುಟಗಳಾಗಿ, ಲೆವೆಲಿಂಗಿನವನ್ನು ಶೀಟುವಾರು ಕಿರುಪುಸ್ತಿಕೆಗಳಾಗಿ ಅಚ್ಚು ಹಾಕಿದ್ದರು. ಹಲವು ಸಂಪುಟಗಳು ಸ್ಕ್ಯಾನ್ ಆಗಿ ಇಂಟರ್‌ನೆಟ್ ಆರ್ಕೈವ್‌ನಲ್ಲಿವೆ. ನಮಗೆ ಬೇಕಾದವು ಮದ್ರಾಸ್ ಲಾಂಗಿಟ್ಯೂಡಿನಲ್ ಸರಣಿ ಮತ್ತು ಮಂಗಳೂರು ಮೆರಿಡಿಯನಲ್ ಸರಣಿ. ಹುಡುಕುವಾಗ ಕೇರಳ ಎಂದು ಹಾಕಿದರೆ ಏನೂ ಸಿಗದು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡದ ತಾಲೂಕು. ಸ್ವಾತಂತ್ರ್ಯದ ಮೊದಲು ಅದು ಮದ್ರಾಸ್ ಪ್ರೆಸಿಡೆನ್ಸಿಯ ಸೌತ್ ಕೆನರಾ. ಊರಿನ ಹೆಸರುಗಳನ್ನು ಇಂಗ್ಲಿಷಿನಲ್ಲಿ ಅಂದಿನವರು ಹೇಗೆ ಕೇಳಿಸಿಕೊಂಡಿರಬಹುದೋ ಹಾಗೆಲ್ಲ ಬರೆದು ನೋಡಿ: ಕಾಸರಗೋಡು ಕ್ಯಾಸರ್‌ಗೋಡ್ ಆಗಿರುತ್ತದೆ, ಬೇಕಲ ಬೇಕುಲ್ ಆಗಿರುತ್ತದೆ.

ಬೆಂಚ್ ಮಾರ್ಕಿನ ವಿವರಣೆಗಳು ಮೈಲಿ, ಫರ್ಲಾಂಗಿನಲ್ಲಿ ಮಾತಾಡುತ್ತವೆ. ರಸ್ತೆಯ 12ನೆಯ ಮೈಲಿ 3ನೆಯ ಫರ್ಲಾಂಗಿನ ಮೋರಿ, ಈಶಾನ್ಯ ಮೂಲೆಯ ಕಟ್ಟೆಯ ಮೇಲೆ ಎಂಬಂಥ ಧಾಟಿ. ಮೈಲಿಗೆ 1.609 ಕಿಲೋಮೀಟರ್, ಫರ್ಲಾಂಗಿಗೆ 201 ಮೀಟರ್ ಹಿಡಿದರೆ ಇದು ಆರಂಭದಿಂದ 19.9 ಕಿಲೋಮೀಟರ್. ಆದರೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಮೈಲಿ ಎಣಿಸಿದ್ದು ಯಾವ ಊರಿನಿಂದ? ರಸ್ತೆ ಅಂದಿನ ಜಾಡಿನಲ್ಲೇ ಇದೆಯೇ? ತಿರುವುಗಳನ್ನು ನೇರ ಮಾಡಿದಲ್ಲೆಲ್ಲ ಹಳೆಯ ದಾರಿಯ ತುಂಡೊಂದು ಪಕ್ಕದಲ್ಲಿ ಉಳಿದಿರುತ್ತದೆ, ಎರಡು ಮನೆ, ಒಂದು ಕಿರಾಣಿ ಅಂಗಡಿಯ ಸಮೇತ. ನನ್ನ ಮಟ್ಟಿಗೆ ಅತ್ಯಂತ ಭರವಸೆಯ ಜಾಗ ಅದೇ. ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾದಾಗ ಹಳೆಯ ರಸ್ತೆಯಂಚು ಉದ್ದಕ್ಕೂ ಅಗೆದುಹೋಯಿತು; ಅಲ್ಲಿ ಹುಡುಕಿ ದಣಿಯುವುದಕ್ಕಿಂತ ಬಿಟ್ಟುಹೋದ ತುಂಡುಗಳನ್ನು ಮತ್ತು ಒಳರಸ್ತೆಗಳನ್ನು ನೋಡುವುದು ಮೇಲು.

ಯಾವಾಗ ಹೋಗಬೇಕು, ಏನು ಒಯ್ಯಬೇಕು

ಮಳೆಗಾಲದಲ್ಲಿ ಪದವುಗಳ, ಅಂದರೆ ಗುಡ್ಡದ ಮೇಲಿನ ಬಯಲುಗಳ, ಮುರಕಲ್ಲು (ಕೆಂಪುಕಲ್ಲು) ಪಾಚಿ ಹಿಡಿದು ಜಾರುತ್ತದೆ. ಮಳೆ ನಿಂತ ಮೇಲೆ ಮುಳಿಹುಲ್ಲು ಸೊಂಟದೆತ್ತರ ಬೆಳೆದಿರುತ್ತದೆ. ಹುಲ್ಲು ಒಣಗಿ ಮಲಗುವ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಬೆಳಿಗ್ಗೆ ಬೇಗ ಹೊರಡಿ. ಹತ್ತು ಗಂಟೆಯ ಮೇಲೆ ಪದವು ಕಾದು ಸುಡುತ್ತದೆ. ಕಾಲಿಗೆ ಗಟ್ಟಿ ಬೂಟು, ಕೈಯಲ್ಲಿ ಕೋಲು ಬೇಕೇ ಬೇಕು, ಕೊಳಕುಮಂಡಲ ಇರುವ ನೆಲವಿದು. ಅದಕ್ಕಿಂತಲೂ ಹೆಚ್ಚು ಎಚ್ಚರ ಬೇಕಾದದ್ದು ಕೈಬಿಟ್ಟ ಕೆಂಪುಕಲ್ಲಿನ ಕೋರೆಗಳ ಬಗ್ಗೆ. ಗೋಡೆ ಕೊಯ್ದಂತೆ ನೇರ ಇಳಿದಿರುತ್ತದೆ, ಅಂಚಿನಲ್ಲಿ ಹುಲ್ಲು ಮುಚ್ಚಿರುತ್ತದೆ, ತಳದಲ್ಲಿ ನೀರು. ಒಬ್ಬರೇ ಹೋಗಬೇಡಿ.

ಚೀಲದಲ್ಲಿ 30 ಮೀಟರ್ ಟೇಪು, ದಿಕ್ಸೂಚಿ, ಮೆತ್ತನೆಯ ಕುಂಚ, ಒಂದು ಬಾಟಲಿ ನೀರು, ಟಾರ್ಚ್, ನೋಟ್ ಪುಸ್ತಕ, ಫೋಟೊದಲ್ಲಿ ಅಳತೆಗಾಗಿ ಇಡಲು ಒಂದು ಸ್ಕೇಲು. ಗುದ್ದಲಿ, ಉಳಿ, ತಂತಿ ಬ್ರಷ್, ಬಣ್ಣದ ಡಬ್ಬಿ ಇವು ಮನೆಯಲ್ಲೇ ಇರಲಿ.

ಸರ್ವೆಯವನ ಕಣ್ಣು

ವೃತ್ತದೊಳಗೆ ಬಂದ ಮೇಲೆ ಮೊಬೈಲನ್ನು ಜೇಬಿಗೆ ಹಾಕಿ, ಅಂದು ಲೆವೆಲ್ ಯಂತ್ರ ಹೊತ್ತು ಬಂದವನಿಗೆ ಏನು ಬೇಕಿತ್ತು ಎಂದು ಯೋಚಿಸಿ. ಅವನಿಗೆ ನೂರು ವರ್ಷ ಕದಲದ ಕಲ್ಲು ಬೇಕಿತ್ತು. ಅದು ದಾರಿಗೆ ಹತ್ತಿರವಿರಬೇಕಿತ್ತು. ಅದರ ಮೇಲ್ಮೈ ಸಮತಟ್ಟಾಗಿರಬೇಕಿತ್ತು. ಹೆಚ್ಚಿನವರು ಮರೆಯುವುದು ಇದನ್ನು: ಗುರುತಿನ ಮೇಲೆ ಆಳೆತ್ತರ ಮೀರಿದ ಸ್ಟಾಫನ್ನು ನೆಟ್ಟಗೆ ನಿಲ್ಲಿಸಲು ಮೇಲೆ ತೆರವು ಇರಬೇಕಿತ್ತು. ತಗ್ಗಿದ ಸೂರಿನ ಕೆಳಗೆ, ಗೂಡಿನೊಳಗೆ ಬೆಂಚ್ ಮಾರ್ಕ್ ಕೊರೆಯುವುದರಲ್ಲಿ ಅರ್ಥವಿಲ್ಲ. ಜಗಲಿಯ ಹೊರ ಅಂಚು, ಮೆಟ್ಟಿಲ ತುದಿ, ಕಟ್ಟೆಯ ಕೊನೆ ಇವನ್ನು ಮೊದಲು ನೋಡಿ.

ನಮ್ಮ ನೆಲಕ್ಕೇ ವಿಶೇಷವಾದ ಇನ್ನೊಂದು ಸೂಚನೆ. ಮುರಕಲ್ಲಿನ ಮೈ ತುಂಬ ತೂತು. ಅದರಲ್ಲಿ ಕೊರೆದ ಅಕ್ಷರ ನಮ್ಮ ಮಳೆಗೆ ಬಾಳುವುದಿಲ್ಲ. ಹಾಗಾಗಿ ಸುತ್ತಲೂ ಕೆಂಪುಕಲ್ಲೇ ಇರುವ ಹಳೆಯ ಕಟ್ಟೆಯಲ್ಲಿ ಒಂದೇ ಒಂದು ಕರಿಕಲ್ಲು ಕೂತಿದ್ದರೆ ಅಲ್ಲಿ ನಿಲ್ಲಿ, ಬಗ್ಗಿ ನೋಡಿ.

ಬೆಟ್ಟದ ಠಾಣೆಯ ತರ್ಕ ಬೇರೆ. ಅಲ್ಲಿ ಬೇಕಾದದ್ದು ಎತ್ತರಕ್ಕಿಂತ ನೋಟ. ಪೊಸಡಿಗುಂಪೆ ಗುಡ್ಡದ ಮೇಲೆ ನಿಂತವರಿಗೆ ಇದು ವಿವರಿಸದೆಯೇ ತಿಳಿಯುತ್ತದೆ: ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟದ ಸಾಲು. ಯಾವ ಬಿಂದುವಿನಿಂದ ಹೆಚ್ಚು ಶಿಖರಗಳು ಅಡೆತಡೆಯಿಲ್ಲದೆ ಕಾಣುತ್ತವೆ ಎಂದು ನಿಂತು ನೋಡಿ, ಅಲ್ಲಿಂದ ಹುಡುಕಾಟ ಆರಂಭಿಸಿ. ದಕ್ಷಿಣದ ಏಳಿಮಲೆಯ ಹೆಸರು ಹಳೆಯ ಸಂಪುಟಗಳಲ್ಲಿ ಮೌಂಟ್ ಡೆಲ್ಲಿ ಎಂದು ಬರುತ್ತದೆ. ಆದರೆ ಅಲ್ಲೀಗ ನೌಕಾ ಅಕಾಡೆಮಿ ಇದೆ, ಆ ಗುಡ್ಡವನ್ನು ಪಟ್ಟಿಯಿಂದ ತೆಗೆದುಬಿಡಿ. ಬೇಕಲ ಕೋಟೆ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿ ಕಣ್ಣು ಮತ್ತು ಕ್ಯಾಮೆರಾ ಮಾತ್ರ. ರಾಣಿಪುರಕ್ಕೆ ಅರಣ್ಯ ಇಲಾಖೆಯ ಟಿಕೆಟು ಪಡೆದೇ ಹೋಗಬೇಕು.

ಊರವರ ಜೊತೆ ಮಾತು

ಟೇಪು ಬಿಚ್ಚುವ ಮೊದಲು ಬಾಯಿ ಬಿಚ್ಚಿ. ಸಿಲ್ವರ್‌ಲೈನ್ ರೈಲು ಯೋಜನೆಯ ಹಳದಿ ಕಲ್ಲುಗಳನ್ನು ನೆಟ್ಟಾಗ ಕೇರಳದುದ್ದಕ್ಕೂ ಜನ ಎದ್ದು ನಿಂತು ಅವನ್ನು ಕಿತ್ತ ನೆನಪು ಹಳೆಯದಾಗಿಲ್ಲ, ಆ ಮಾರ್ಗದ ಉತ್ತರದ ತುದಿ ಕಾಸರಗೋಡೇ. ಹೆದ್ದಾರಿಗೆ ಜಾಗ ಕೊಟ್ಟ ಮನೆಗಳೂ ಇಲ್ಲಿ ಬಹಳ. ಅಪರಿಚಿತನೊಬ್ಬ ಅಂಗಳದಂಚಿನಲ್ಲಿ ಟೇಪು ಹಿಡಿದು ಬಗ್ಗಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. "ಅಜ್ಜ, ನಾನು ಸರಕಾರದವನಲ್ಲ, ಬ್ರಿಟಿಷರ ಕಾಲದ ಸರ್ವೆ ಕಲ್ಲು ಹುಡುಕುತ್ತಿದ್ದೇನೆ" ಎಂದು ಮೊದಲೇ ಹೇಳಿ, ಹಳೆಯ ನಕ್ಷೆಯ ಪ್ರತಿ ತೋರಿಸಿ. ನಮ್ಮಲ್ಲಿ ತುಳು, ಮಲಯಾಳ, ಕನ್ನಡ ಯಾವ ಮನೆಮಾತಿನವರಿಗೂ ಸರ್ವೆ ಕಲ್ಲು ಎಂದರೆ ಅರ್ಥವಾಗುತ್ತದೆ. ಕೇಳಬೇಕಾದ ಪ್ರಶ್ನೆ ಹೀಗಿರಲಿ: ಮೊದಲು ಇಲ್ಲಿ ಸಂಕ ಎಲ್ಲಿತ್ತು, ಹಳೆಯ ದಾರಿ ಯಾವ ಕಡೆಯಿಂದ ಹೋಗುತ್ತಿತ್ತು, ಅಕ್ಷರ ಇರುವ ಕಲ್ಲು ನೋಡಿದ್ದೀರಾ? ದನ ಮೇಯಿಸಿದವರು, ಮುಳಿಹುಲ್ಲು ಕೊಯ್ದವರು ಗುಡ್ಡದ ಒಂದೊಂದು ಕಲ್ಲನ್ನೂ ಬಲ್ಲವರು.

ಕಲ್ಲಿನ ಮುಂದೆ

ಮೊದಲು ಹೇಗಿದೆಯೋ ಹಾಗೆಯೇ ಫೋಟೊ. ಆಮೇಲೆ ಒಣಗಿದ ಎಲೆ, ಮಣ್ಣನ್ನು ಕುಂಚದಿಂದ ಸರಿಸಿ. ಪಾಚಿಯನ್ನು ಕೆರೆಯಬೇಡಿ, ಅದರ ಜೊತೆ ಕಲ್ಲಿನ ಮೈಯೂ ಬರುತ್ತದೆ. ಅಕ್ಷರ ಮಸುಕಾಗಿದ್ದರೆ ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ನಿಮ್ಮ ನೆರಳನ್ನು ಅದರ ಮೇಲೆ ಬೀಳಿಸಿ, ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ತಗ್ಗಿಸಿ ಪಕ್ಕದಿಂದ ಬೆಳಕು ಬಿಡಿ. ಮೇಲಿನಿಂದ ನೋಡಿದಾಗ ಬರಿಯ ಒರಟಾಗಿದ್ದ ಮೈಯಲ್ಲಿ ಕೊರೆತದ ಅಂಚು ಒಂದು ಬದಿ ಕಪ್ಪಾಗಿ, ಇನ್ನೊಂದು ಬದಿ ಬೆಳ್ಳಗೆ ಏಳುತ್ತದೆ. ಟಾರ್ಚನ್ನು ನಿಧಾನವಾಗಿ ಸುತ್ತ ತಿರುಗಿಸಿ. ಜಿ ಒಂದು ದಿಕ್ಕಿನ ಬೆಳಕಿಗೆ, ಟಿಯ ಅಡ್ಡಗೆರೆ ಇನ್ನೊಂದು ದಿಕ್ಕಿನ ಬೆಳಕಿಗೆ ಕಾಣಿಸುತ್ತದೆ. ಪ್ರತಿ ದಿಕ್ಕಿನಲ್ಲೂ ಒಂದು ಫೋಟೊ ತೆಗೆಯಿರಿ. ಸಂಜೆಯ ಇಳಿಬಿಸಿಲೂ ಇದೇ ಕೆಲಸ ಮಾಡುತ್ತದೆ.

ಆಮೇಲೆ ಸಾಕ್ಷಿ ಅಳತೆ. ಸುಲಭವಾಗಿ ಅಳಿಯದ ಮೂರು ವಸ್ತುಗಳಿಂದ, ಅಂದರೆ ಕಟ್ಟಡದ ಮೂಲೆ, ಬಾವಿಕಟ್ಟೆ, ಬಂಡೆಯ ತುದಿಯಿಂದ, ಗುರುತಿಗೆ ಟೇಪು ಹಿಡಿದು ಸೆಂಟಿಮೀಟರಿನವರೆಗೆ ಬರೆದುಕೊಳ್ಳಿ. ಮೊಬೈಲಿನ ಜಿಪಿಎಸ್ ಹಲವು ಮೀಟರ್ ತಪ್ಪಬಹುದು. ಮೂರು ಟೇಪಿನ ಅಳತೆ ಮಣ್ಣಿನಡಿ ಹೂತುಹೋದ ಕಲ್ಲನ್ನೂ ಮತ್ತೆ ತೋರಿಸುತ್ತದೆ.

ಎತ್ತರವನ್ನು ಪರೀಕ್ಷಿಸುವ ಆಸೆ ಎಲ್ಲರಿಗೂ ಬರುತ್ತದೆ. ಕಾಸರಗೋಡಿನ ಕಡಲದಂಡೆಯಲ್ಲಿ ನಿಂತು ಕಚ್ಚಾ ಜಿಪಿಎಸ್ ಎತ್ತರ ತೋರಿಸುವ ಆ್ಯಪ್ ತೆರೆದರೆ ಅದು ಮೈನಸ್ 80 ಮೀಟರಿಗೂ ಕೆಳಗಿನ ಅಂಕಿ ತೋರಿಸಬಹುದು. ಮೊಬೈಲ್ ಕೆಟ್ಟಿಲ್ಲ. ಜಿಪಿಎಸ್ ಅಳೆಯುವುದು ಗಣಿತದ ಗೋಳಾಭದಿಂದ. ಗುರುತ್ವ ಕಡಿಮೆಯಿರುವ ಹಿಂದೂ ಮಹಾಸಾಗರದ ಈ ಭಾಗದಲ್ಲಿ ನಿಜವಾದ ಸಮುದ್ರಮಟ್ಟ ಅದಕ್ಕಿಂತ ಅಷ್ಟು ಕೆಳಗಿದೆ, ಶ್ರೀಲಂಕೆಯ ದಕ್ಷಿಣಕ್ಕೆ ಈ ತಗ್ಗು ನೂರು ಮೀಟರ್ ದಾಟುತ್ತದೆ. ಬ್ಯಾರೋಮೀಟರ್ ಇರುವ ಮೊಬೈಲಾದರೆ ಇನ್ನೂ ಒಳ್ಳೆಯ ದಾರಿ ಇದೆ. ಫಲಕದಲ್ಲಿ ಎತ್ತರ ಬರೆದಿರುವ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಗಾಳಿಯ ಒತ್ತಡ ಓದಿ, ಕಲ್ಲಿನ ಬಳಿ ಓದಿ, ಮರಳಿ ನಿಲ್ದಾಣದಲ್ಲಿ ಓದಿ. ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ (ಒತ್ತಡದ ಮಾನ) ಇಳಿದರೆ 8 ಮೀಟರಿಗಿಂತ ತುಸು ಹೆಚ್ಚು ಏರಿದ್ದೀರಿ ಎಂದರ್ಥ. ಆದರೆ ನಮ್ಮ ಉಷ್ಣವಲಯದಲ್ಲಿ ಗಾಳಿಯ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ ಸಂಜೆ ನಾಲ್ಕರ ಸುಮಾರಿಗೆ ಇಳಿಯುತ್ತದೆ, ಆ ಏರಿಳಿತವೇ 3–4 ಹೆಕ್ಟೊಪ್ಯಾಸ್ಕಲ್. ಬೆಳಿಗ್ಗೆಯ ಓದನ್ನು ಸಂಜೆಯ ಓದಿಗೆ ಹೋಲಿಸಿದರೆ ಕುಳಿತಲ್ಲೇ ಇಪ್ಪತ್ತೈದು ಮೀಟರ್ ಏರಿದಂತೆ ಕಾಣುತ್ತದೆ. ಅದಕ್ಕೇ ಮೂರನೆಯ ಓದು ಬೇಕು.

ದಾಖಲೆ

ಪ್ರತಿ ಗುರುತಿಗೂ ಒಂದು ಪುಟ: ಶೀಟ್ ಸಂಖ್ಯೆ, ಹಳೆಯ ವಿವರಣೆಯ ಮಾತು, ದಶಮಾಂಶದ ಐದು ಸ್ಥಾನದ ಅಕ್ಷಾಂಶ ರೇಖಾಂಶ, ಕಲ್ಲಿನ ಜಾತಿ, ಕೆತ್ತನೆಯ ಅಕ್ಷರಶಃ ನಕಲು, ಸಾಕ್ಷಿ ಅಳತೆ, ಹತ್ತಿರದ, ನಡುದೂರದ, ದೂರದ ಮೂರು ಫೋಟೊ.

ಸ್ಥಿತಿಯ ಬಗ್ಗೆ ಬರೆಯುವಾಗ ಪ್ರಾಮಾಣಿಕತೆ ಅತಿ ಮುಖ್ಯ. ಸಿಗಲಿಲ್ಲ ಎಂಬುದು ಬೇರೆ, ನಾಶವಾಗಿದೆ ಎಂಬುದು ಬೇರೆ. ಮೋರಿಯನ್ನೇ ಒಡೆದು ಹೊಸ ಕಾಂಕ್ರೀಟ್ ಕಟ್ಟಿದ್ದಾರೆ ಎಂದು ಕಣ್ಣಾರೆ ಕಂಡರೆ ಮಾತ್ರ ನಾಶ ಎಂದು ಬರೆಯಿರಿ. ಪೊದೆ ದಟ್ಟವಾಗಿತ್ತು, ಕಟ್ಟೆಯ ಮೇಲೆ ಗಾರೆ ಬಳಿದಿದ್ದಾರೆ, ಮನೆಯವರು ಇರಲಿಲ್ಲ ಎಂದಾದರೆ ಸಿಗಲಿಲ್ಲ ಎಂದೇ ಬರೆದು, ಎಲ್ಲೆಲ್ಲಿ ನೋಡಿದಿರಿ ಎಂದೂ ಸೇರಿಸಿ. ನಾಶ ಎಂಬ ಒಂದು ಮಾತು ಕಂಡರೆ ಮುಂದಿನವರು ಆ ಕಡೆ ತಲೆಯನ್ನೂ ಹಾಕುವುದಿಲ್ಲ. ಗಾರೆಯ ಕೆಳಗೆ ಕಲ್ಲು ಮಾತ್ರ ಹಾಗೆಯೇ ಇರುತ್ತದೆ.

ಸಾರ್ವಜನಿಕ ಜಾಗದ ಗುರುತುಗಳನ್ನು ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆಯಲ್ಲಿ ಸರ್ವೆ ಬಿಂದುವಾಗಿ ಸೇರಿಸಬಹುದು. ಮನೆಯಂಗಳದ ಕಲ್ಲಾದರೆ ಮನೆಯವರ ಒಪ್ಪಿಗೆ ಇಲ್ಲದೆ ಬೇಡ.

ಕಲ್ಲಿಗೆ ಅಪಾಯ ಬಂದಾಗ

ಕೇರಳದಲ್ಲಿ 2022ರ ನವೆಂಬರ್ 1ರಿಂದ ಡಿಜಿಟಲ್ ಮರುಸರ್ವೆ ನಡೆಯುತ್ತಿದೆ. ಉಪಗ್ರಹ ಸಂಕೇತ ಹಿಡಿಯುವ ಸ್ಥಿರ ಕೇಂದ್ರಗಳ ನೆರವಿನಿಂದ ಸೆಂಟಿಮೀಟರ್ ಮಟ್ಟದ ಅಳತೆ ಸಿಗುವಾಗ ರಸ್ತೆ ಬದಿಯ ಹಳೆಯ ಕಲ್ಲನ್ನು ಯಾರೂ ತಿರುಗಿ ನೋಡುವುದಿಲ್ಲ. ಸರ್ವೆ ಗುರುತು ಕೆಡಿಸುವುದು 1961ರ ಕೇರಳ ಸರ್ವೆ ಮತ್ತು ಗಡಿ ಕಾಯ್ದೆಯಡಿ ಅಪರಾಧ. ಆದರೆ ಅಲ್ಲಿ ಗುರುತಿದೆ ಎಂದೇ ಗೊತ್ತಿಲ್ಲದ ಜೇಸಿಬಿ ಚಾಲಕನನ್ನು ದೂರಿ ಫಲವಿಲ್ಲ. ಗೊತ್ತುಮಾಡುವ ಕೆಲಸ ನಮ್ಮದು. ರಸ್ತೆ ಅಗಲೀಕರಣದ ಸುದ್ದಿ ಬಂದ ಕೂಡಲೇ ಗ್ರಾಮ ಕಚೇರಿಗೂ ಪಂಚಾಯತಿಗೂ ಸರ್ವೇ ಆಫ್ ಇಂಡಿಯಾದ ತಿರುವನಂತಪುರ ಕಚೇರಿಗೂ ಒಂದೊಂದು ಪತ್ರ ಬರೆಯಿರಿ. ಪತ್ರ ಒಂದೇ ಪುಟವಿರಲಿ. ಮೇಲೆ ಹೇಳಿದ ದಾಖಲೆಯ ಹಾಳೆಯನ್ನು ಲಗತ್ತಿಸಿ, ಸ್ವೀಕೃತಿ ಪಡೆದುಕೊಳ್ಳಿ. ಗುತ್ತಿಗೆದಾರರ ಮೇಸ್ತ್ರಿಗೂ ಸ್ಥಳದಲ್ಲೇ ಕಲ್ಲನ್ನು ತೋರಿಸಿ. ಅಗೆತ ಆರಂಭವಾದ ಮೇಲೆ ಅರ್ಜಿ ಹಿಡಿದು ಓಡಿದರೆ ತಡವಾಗಿರುತ್ತದೆ. ರಸ್ತೆ ಬದಿಯಲ್ಲಿ ಹೊಸ ಗಡಿಕಲ್ಲು ಕಂಡ ವಾರವೇ ಕಳುಹಿಸಿ.